ತಾಳವಾಡಿಯಿಂದ ಮಾನಸಗಂಗೋತ್ರಿಗೆ

ತಾಳವಾಡಿ ಸೀಮೆಯ ನಮ್ಮ ಜನಕ್ಕೆ ಹೊರಗಿನ ಲೋಕಕ್ಕೆ ಹೋಗಲು ಎರಡು ದಾರಿಗಳುಂಟು. ಒಂದು, ಹಾಸನೂರಿನ ಕಾಡನ್ನು ಹಾಯ್ದು, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನ ಗುಡಿಯ ಮುಂದಿನಿಂದ ಸತ್ಯಮಂಗಲಕ್ಕೂ ಅಲ್ಲಿಂದ ಈರೋಡಿಗೂ ಹೋಗುವ ದಾರಿ. ನೂರು ಕಿಲೋಮೀಟರಿಗೂ ಮೀರಿದ ಈ ಹಾದಿ ಸರಕಾರದ ಹಾದಿ. ಪಟ್ಟಾ, ಪಿಂಚಣಿ, ಪ್ರಮಾಣಪತ್ರಗಳೆಲ್ಲ ಕಡೆಗೆ ಅಲ್ಲಿಂದಲೇ ಬರಬೇಕು. ಇನ್ನೊಂದು, ಘಟ್ಟವನ್ನಿಳಿಯದೆ, ರಾಗಿ ಹೊಲ, ಕೋಸಿನ ತೋಟ, ಬಾಳೆ, ಅರಿಶಿನಗಳ ನಡುವೆ ಸಮನಾಗಿ ಸಾಗಿ, ಹತ್ತಿರ ಹತ್ತಿರ ಒಂದು ತಾಸಿನಲ್ಲಿ ಚಾಮರಾಜನಗರವನ್ನು ಮುಟ್ಟಿಸುವ ದಾರಿ. ಹೆಣ್ಣು ಕೊಡುವುದು, ತರುವುದು, ಸಂತೆ, ಜಾತ್ರೆ, ಕಾಯಿಲೆ ಕಸಾಲೆಗಳೆಲ್ಲ ಈ ಹಾದಿಯಲ್ಲಿ.

ಹೀಗಾದುದಕ್ಕೆ ಚರಿತ್ರೆಯೇ ಕಾರಣ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದು ಹೊಸ ಜಿಲ್ಲೆಯಾದ ಮೇಲೆ ನಾವು ಈರೋಡಿನವರಾದೆವು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರಿಂದ ದಿಂಬಂ ಘಟ್ಟದಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವೂ ಬಂದಿತು. ಕಾಗದದ ಮೇಲೆ ಹತ್ತಿರವಾದುದು ಕಾಲಿಗೆ ದೂರ. ಕಾಗದದ ಮೇಲೆ ಪರರಾಜ್ಯವಾದುದು ಕಾಲಿಗೆ ಹತ್ತಿರ. ಗಡಿನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದೊಂದು ವರ್ಷದಲ್ಲಿ ಈ ಎರಡನೆಯ ದಾರಿಯನ್ನು ನಾನು ಹಲವು ಬಾರಿ ಸವೆಸಿದೆ. ಮದುವೆಗಲ್ಲ, ಜಾತ್ರೆಗಲ್ಲ, ನನ್ನ ತಂಗಿಯ ಮಗಳು, ಅವಳ ಗಂಡ, ಅವರ ಎರಡೂವರೆ ವರ್ಷದ ಗಂಡುಮಗು, ಈ ಮೂವರಿಗೆ ಜೊತೆಯಾಗಿ. ಚಾಮರಾಜನಗರದ ಮಕ್ಕಳ ವೈದ್ಯರೊಬ್ಬರು ಮಗುವನ್ನು ನೋಡಿ, ಕೆಲವು ಪ್ರಶ್ನೆಗಳನ್ನು ಕೇಳಿ, ಒಂದು ಚೀಟಿ ಬರೆದುಕೊಟ್ಟಿದ್ದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ, ಮಗುವಿಗೆ ಸ್ವಲೀನತೆ, ಎಂದರೆ ಈಗ ಎಲ್ಲರೂ ಆಟಿಸಂ ಎನ್ನುವ ಸ್ಥಿತಿ ಇದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸಿಕೊಂಡು ಬನ್ನಿರೆಂದು ಆ ಚೀಟಿಯ ಒಕ್ಕಣೆ. ಇಂತಹ ಚೀಟಿಯನ್ನು ಕೈಯಲ್ಲಿ ಹಿಡಿದು ದಿನ ಎಣಿಸುವ ತಂದೆತಾಯಿಗಳ ಮನಸ್ಸಿನಲ್ಲಿ ಏನೇನು ಹಾಯ್ದುಹೋಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡೆನಾದುದರಿಂದ, ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡದ ಈ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಗುವಿನ ವಿಷಯವನ್ನು ಮೊದಲು ಹೇಳುತ್ತೇನೆ. ನೋಡಲು ಗುಂಡುಗುಂಡಾದ ಮಗು. ತಿಂಗಳು ತಿಂಗಳಿಗೆ ಸರಿಯಾಗಿ ಕುಳಿತಿತು, ನಡೆಯಿತು. ಒಂದು ವರ್ಷವಾದಾಗ ‘ಅಮ್ಮ’ ಎಂದಿತ್ತು, ನೀರಿಗೆ ‘ನೀ’ ಎಂದಿತ್ತು; ಒಂದೂವರೆ ವರ್ಷದ ಹೊತ್ತಿಗೆ ಆ ಎರಡು ಮಾತುಗಳೂ ನಿಂತುಹೋದುವು. ಹೆಸರು ಹಿಡಿದು ಕೂಗಿದರೆ ತಿರುಗದು. ಆದರೆ ಎರಡು ಕೋಣೆಯಾಚೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಓಡಿ ಬರುವುದು. ಬೇಕಾದುದನ್ನು ಬೆರಳು ಮಾಡಿ ತೋರಿಸದು. ತಾಯಿಯ ಮುಂಗೈಯನ್ನು ಹಿಡಿದು ಡಬ್ಬಿಯ ಬಳಿಗೆ ಒಯ್ಯುವುದು. ಹುಣಸೆ ಬೀಜಗಳನ್ನು ಜಗಲಿಯ ಅಂಚಿನುದ್ದಕ್ಕೂ ಸಾಲಾಗಿ ಇಡುತ್ತ ಮಧ್ಯಾಹ್ನವಿಡೀ ಕಳೆಯುವುದು. ಸಾಲಿನ ಒಂದು ಬೀಜವನ್ನು ಯಾರಾದರೂ ಸರಿಸಿದರೆ ಊರು ಕೇಳುವಂತೆ ಅಳುವುದು. ಇಷ್ಟರ ಮೇಲೆ, ದೂರದರ್ಶನದಲ್ಲಿ ಬರುವ ಸಾಬೂನಿನ ತಮಿಳು ಜಾಹೀರಾತನ್ನು ಮೊದಲಿನಿಂದ ಕೊನೆಯವರೆಗೆ ಅದೇ ರಾಗದಲ್ಲಿ ಒಪ್ಪಿಸುವುದು. ಬಾಯಾರಿದರೆ ಮಾತ್ರ ನೀರು ಕೇಳಲು ಬಾರದು.

ಒಂದೇ ಮಗುವಿನ ಈ ಗುಣಗಳನ್ನು ಮನೆಯ ಒಬ್ಬೊಬ್ಬರೂ ಒಂದೊಂದು ಬಗೆಯಾಗಿ ಓದಿದರು. ತಂದೆಗೆ ಜಾಹೀರಾತೇ ಸಾಕ್ಷಿ. “ಇಷ್ಟುದ್ದ ಹೇಳೋ ಮಗಕ್ಕೆ ಮಾತು ಬರಾಕಿಲ್ಲ ಅಂದ್ರೆ ಹೆಂಗೆ ಮಾವ? ನಾನೂ ನಾಕು ವರ್ಸ ತುಂಬೋಗಂಟ ಮಾತಾಡ್ಲಿಲ್ವಂತೆ. ಈಗ ತರಕಾರಿ ಮಂಡೀಲಿ ನನ್ನ ಬಾಯಿಗೆ ಯಾರು ನಿಲ್ತಾರೆ?” ಎಂದು ಅವನು ನಗುತ್ತಿದ್ದನು. ತಾಯಿಯ ಕಣ್ಣು ಬೇರೊಂದು ಕಡೆಗೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲನೆ ಹೆಸರು ಹಿಡಿದು ಕೂಗುವಳು. ತಿರುಗಿದರೆ ಆ ರಾತ್ರಿ ಹಬ್ಬ, ತಿರುಗದಿದ್ದರೆ ನಿದ್ದೆಯಿಲ್ಲ. ಮರುದಿನ ಬೆಳಗ್ಗೆ ಅದೇ ಮಗು ಅವಳ ಕೊರಳಿಗೆ ಜೋತುಬಿದ್ದು ಕೆನ್ನೆಗೆ ಕೆನ್ನೆ ಒತ್ತುವುದು; ‘ಛೆ, ನಾನೆಂತಹವಳು, ಇಲ್ಲದುದನ್ನು ಇದೆಯೆಂದುಕೊಂಡೆನಲ್ಲ’ ಎಂದು ಅವಳು ತನ್ನನ್ನೇ ಬೈದುಕೊಳ್ಳುವಳು. ಕಾಯುವ ಕಾಲದ ಮೊದಲ ಸಂದೇಹ ಇದೇ. ಇರುವುದನ್ನು ಕಾಣದೆ ಹೋಗುತ್ತಿದ್ದೇವೆಯೋ, ಇಲ್ಲದುದನ್ನು ಕಾಣುತ್ತಿದ್ದೇವೆಯೋ?

ಮೊದಲ ಸಲ ಮೈಸೂರಿಗೆ ಹೋದಾಗ ಚಾಮರಾಜನಗರದಿಂದ ರೈಲು ಹಿಡಿದೆವು. ಹಿಂದೆ ಅರಿಕುಠಾರವೆನಿಸಿದ್ದ ಈ ಊರು ಆ ಕವಲು ಹಳಿಯ ಕೊನೆಯ ನಿಲ್ದಾಣ. ಮೈಸೂರಿಗೆ ಸುಮಾರು 60 ಕಿಲೋಮೀಟರು. ಬಸ್ಸಿನಲ್ಲಿ ಅಳುವ ಮಗು ರೈಲಿನಲ್ಲಿ ಅಳಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತು, ಹಳಿಯ ಸದ್ದಿಗೆ ಸರಿಯಾಗಿ ಮೈ ತೂಗುತ್ತ, ಬದನವಾಳು, ಕವಲಂದೆಗಳು ದಾಟಿದರೂ ಕದಲಲಿಲ್ಲ. ಎದುರಿನ ಸೀಟಿನ ಹಿರಿಯರೊಬ್ಬರು “ಎಷ್ಟು ಶಾಂತವಾದ ಮಗುವಮ್ಮ!” ಎಂದರು. ತಾಯಿ ಮುಗುಳ್ನಕ್ಕಳು. ಆ ನಗುವಿನ ಹಿಂದೆ ಇದ್ದುದೇನೆಂದು ನನಗೆ ಗೊತ್ತಿತ್ತು.

ನಂಜನಗೂಡು ಸಮೀಪಿಸಿತು. ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಹಳೆಯ ಕಲ್ಲುಸೇತುವೆ ಮಗ್ಗುಲಲ್ಲಿ ಕಾಣಿಸಿತು. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆಯನ್ನು ವಾಸಿಮಾಡಿ ‘ಹಕೀಂ ನಂಜುಂಡ’ನೆನಿಸಿದನೆಂಬ ಐತಿಹ್ಯವುಳ್ಳ ದೇವರ ಊರು. ನನ್ನ ಸೊಸೆ ಗೋಪುರದತ್ತ ಕೈಮುಗಿದು, ಮಗುವಿಗೆ ಮಾತು ಬಂದರೆ ಮುಡಿ ಕೊಡಿಸುವುದಾಗಿ ಹರಸಿಕೊಂಡಳು. ಮಾದಪ್ಪನ ಬೆಟ್ಟಕ್ಕೂ ಒಂದು ಹರಕೆ ಅದಾಗಲೇ ಇತ್ತು. ಹರಕೆ ಹೊತ್ತವರು ಆಸ್ಪತ್ರೆಗೆ ಹೋಗಬಾರದೆಂದು ಯಾವ ದೇವರೂ ಹೇಳಿಲ್ಲ; ಹೋಗುವುದನ್ನು ಮುಂದೆ ಹಾಕಲು ಹರಕೆಯನ್ನು ನೆವಮಾಡಿಕೊಳ್ಳದಿದ್ದರೆ ಸಾಕು. ಅವಳು ಹಾಗೆ ಮಾಡಲಿಲ್ಲ.

ಮಾನಸಗಂಗೋತ್ರಿ ಎಂಬ ಹೆಸರನ್ನು ಮೈಸೂರು ವಿಶ್ವವಿದ್ಯಾನಿಲಯದ ಆವರಣಕ್ಕೆ ಇಟ್ಟವರು ಕುವೆಂಪು. ಆ ಮಗ್ಗುಲಲ್ಲಿ 1960ರ ದಶಕದ ನಡುವಣ ವರ್ಷಗಳಲ್ಲಿ ಕೇಂದ್ರ ಸರಕಾರದ ಆಶ್ರಯದಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆಗೆ ಇಂದು ನಾಲ್ಕೂ ದಿಕ್ಕಿನ ರಾಜ್ಯಗಳಿಂದ ಜನ ಬರುತ್ತಾರೆ. ಕಾಯುವ ಬೆಂಚುಗಳ ಮೇಲೆ ಕುಳಿತರೆ ನಮ್ಮ ಗಡಿಗಳೆಲ್ಲ ಅಲ್ಲಿಯೇ ಕಾಣುತ್ತವೆ. ವಯನಾಡಿನ ಬತ್ತೇರಿಯಿಂದ ಬಂದ ದಂಪತಿಗಳು, ಗೂಡಲೂರಿನ ತಾಯಿ, ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಬಡಗ ನುಡಿಯಲ್ಲಿ ಸಂತೈಸುವ ನೀಲಗಿರಿಯ ಅಜ್ಜಿ, ಇವರೆಲ್ಲ ಆ ದಿನ ನಮ್ಮ ನೆರೆಯವರು.

ಮೊದಲ ದಿನ ನಡೆದುದು ಕಿವಿಯ ಪರೀಕ್ಷೆ. ಮಾತು ತಡವಾದ ಯಾವ ಮಗುವಿಗೂ ಮೊದಲು ನೋಡಬೇಕಾದುದು ಕೇಳುವ ಶಕ್ತಿಯನ್ನೇ. ಮಗು ನಿದ್ದೆಹೋದ ಮೇಲೆ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಶಬ್ದಕ್ಕೆ ನರಗಳೂ ಮಿದುಳೂ ಹೇಗೆ ಸ್ಪಂದಿಸುತ್ತವೆಂದು ನೋಡುವ, ನೋವಿಲ್ಲದ ಪರೀಕ್ಷೆ ಅದು. ಫಲಿತಾಂಶಕ್ಕಾಗಿ ಕುಳಿತಿದ್ದಾಗ ನನ್ನ ಸೊಸೆ ತಗ್ಗಿದ ದನಿಯಲ್ಲಿ ಹೇಳಿದಳು: “ಮಾವ, ಕಿವೀನೇ ಕೇಳದಿಲ್ಲ ಅಂದ್ಬುಟ್ರೆ ಚೆನ್ನಾಗಿರ್ತದ. ಮಿಸನ್ನು ಹಾಕಿಸ್ಬುಡಬಹುದು. ಹಿಂಗಂದ್ಕೋಬಾರದಲ್ವಾ?” ತನ್ನ ಮಗು ಕಿವುಡಾಗಿರಲೆಂದು ತಾಯಿಯೊಬ್ಬಳು ಆಶಿಸುವುದೆಂದರೆ ಅವಳ ಮನಸ್ಸು ಎಷ್ಟು ಬಳಲಿರಬೇಕು! ಅಂದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲವೆಂದೆ. ಕಿವಿ ಚೆನ್ನಾಗಿ ಕೇಳುತ್ತಿದೆಯೆಂದು ತಿಳಿಯಿತು. ವಿವರವಾದ ಪರೀಕ್ಷೆಗೆ ಮುಂದೆ ಬರಬೇಕಾದ ದಿನವನ್ನು ಬರೆದುಕೊಟ್ಟರು. ಅದು ದೀಪಾವಳಿ ಕಳೆದು ಒಂದು ವಾರಕ್ಕೆ. ನಡುವೆ ಎರಡು ತಿಂಗಳಿಗೂ ಹೆಚ್ಚು.

ಆ ಎರಡು ತಿಂಗಳು ಮನೆಯೊಳಗೆ ಒಂದು ಪಂಚಾಯಿತಿಯೇ ನಡೆಯಿತೆನ್ನಬೇಕು. ಮೊದಲು ಎದ್ದುದು ಭಾಷೆಯ ಪ್ರಶ್ನೆ. ಮನೆಯಲ್ಲಿ ಕನ್ನಡ, ಅಂಗನವಾಡಿಯಲ್ಲಿ ತಮಿಳು; ಮೊಬೈಲಿನಲ್ಲಿ ಎರಡೂ. ಮಗುವಿನ ಅಜ್ಜಿ ತೀರ್ಮಾನವನ್ನೇ ಕೊಟ್ಟುಬಿಟ್ಟರು: “ಎರಡು ಬಾಸೆ ಕೇಳಿ ಕೂಸಿಗೆ ಗಲಿಬಿಲಿ ಆಗ್ಯದ ಅಣ್ಣ. ಒಂದ ಬಿಡಿಸ್ಬುಟ್ರೆ ಸರಿ ಹೋಯ್ತದ.” ಯಾವುದನ್ನು ಬಿಡಿಸುವುದು? ತಂದೆ, ನಾಳೆ ಶಾಲೆಗೆ ಬೇಕಾದುದು ತಮಿಳು, ಮನೆಯಲ್ಲಿಯೂ ಅದನ್ನೇ ಆಡೋಣವೆಂದನು. ತಾಯಿಗೆ ತಮಿಳು ಅಂಗಡಿಯಲ್ಲಿ ಲೆಕ್ಕ ಕೇಳುವಷ್ಟು ಮಾತ್ರ ಬರುವುದು. ಕೆಲವು ದಿನ ಅವಳು ಹಾಗೂ ಪ್ರಯತ್ನಿಸಿದಳು. ಬೇಗನೆ ಒಂದು ವಿಚಿತ್ರ ಕಾಣಿಸಿತು. ಮೊದಲೇ ಮಾತನಾಡದ ಮಗುವಿನ ಮುಂದೆ ತಾಯಿಯೂ ಮಾತು ಕಡಿಮೆ ಮಾಡಿದಳು. ಬಾರದ ನುಡಿಯಲ್ಲಿ ಮುದ್ದು ಮಾಡುವುದು ಯಾರಿಗೆ ತಾನೆ ಸಾಧ್ಯ?

ಗಡಿನಾಡಿನ ಪ್ರತಿಯೊಂದು ಮನೆಯೂ ಇದನ್ನು ಚೆನ್ನಾಗಿ ಮನಗಾಣಬೇಕು. ಎರಡು ಅಥವಾ ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲಿಯೂ, ಎರಡು ಭಾಷೆ ಕೇಳಿ ಬೆಳೆದವರು ಒಂದೇ ಭಾಷೆ ಕೇಳಿದವರಿಗಿಂತ ಅದರಿಂದಾಗಿ ಹಿಂದೆ ಬೀಳುತ್ತಾರೆಂದು ಇದುವರೆಗಿನ ಅಧ್ಯಯನಗಳು ತೋರಿಸಿಲ್ಲ. ಕಾಸರಗೋಡಿನ ಮಗು ತುಳು, ಕನ್ನಡ, ಮಲಯಾಳಗಳನ್ನು, ಅಕ್ಕಲಕೋಟೆಯ ಮಗು ಕನ್ನಡ, ಮರಾಠಿಗಳನ್ನು ಒಟ್ಟಿಗೇ ಕಲಿತು ಬೆಳೆಯುತ್ತಿರುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಎರಡು ನುಡಿಯ ಮಗು ಪದಗಳನ್ನು ಬೆರಸೀತು. ಆದರೆ ತಾನು ಕಂಡ ಹಕ್ಕಿಯನ್ನು ಅಮ್ಮನಿಗೂ ತೋರಿಸಬೇಕೆಂದು ಬೆರಳು ಚಾಚುವುದನ್ನು ಯಾವ ಭಾಷೆಯೂ ಮರೆಸದು. ಬೆರಳು ಚಾಚುವುದಕ್ಕೆ ಭಾಷೆಯೇ ಬೇಡ. ಅದು ಕಾಣದಿದ್ದಾಗ ‘ಎರಡು ಬಾಸೆಯ ಗಲಿಬಿಲಿ’ ಎಂದು ಸುಮ್ಮನಿರುವುದು ಅಪಾಯ. ಗಲಿಬಿಲಿಯೆಂದು ಹೆದರಿ ಮನೆಮಾತನ್ನು ಬಿಡುವುದು ಎರಡನೆಯ ಅಪಾಯ. ತಾಯಿ ತಾನು ಬಲ್ಲ ನುಡಿಯಲ್ಲಿ ಆಡದಿದ್ದರೆ ಮಗು ಕಳೆದುಕೊಳ್ಳುವುದು ಒಂದು ಭಾಷೆಯನ್ನಷ್ಟೇ ಅಲ್ಲ, ಅಜ್ಜಿಯ ಕಥೆ, ನೆರೆಹೊರೆ, ಮನೆಯವರ ಹರಟೆ ಎಲ್ಲವನ್ನೂ.

ಭಾಷೆಯ ಪ್ರಶ್ನೆ ತಣ್ಣಗಾಗುವಷ್ಟರಲ್ಲಿ ತಪ್ಪಿನ ಪ್ರಶ್ನೆ ಎದ್ದಿತು. ಕಟಾವಿನ ಕಾಲದಲ್ಲಿ ಮಗುವಿನ ಕೈಗೆ ಮೊಬೈಲು ಕೊಟ್ಟು ಹೊಲಕ್ಕೆ ಹೋದುದರಿಂದ ಹೀಗಾಯಿತೇ? ಬಸುರಿನಲ್ಲಿ ಗ್ರಹಣದ ದಿನ ಹೊರಗೆ ಬಂದುದರಿಂದಲೇ? ಚುಚ್ಚುಮದ್ದಿನಿಂದಲೇ? ಬಂದ ನೆಂಟರೆಲ್ಲ ಒಂದೊಂದು ಕಾರಣವನ್ನು ಬಿಟ್ಟುಹೋಗುವರು. ಎಲ್ಲ ಕಾರಣಗಳೂ ಕೊನೆಗೆ ತಾಯಿಯ ತಲೆಯ ಮೇಲೆಯೇ ಬಂದು ಕೂರುವುವು.

ತಾಯಿಯನ್ನು ದೂರುವ ಈ ಚಾಳಿ ನಮ್ಮ ಹಳ್ಳಿಯದಷ್ಟೇ ಅಲ್ಲ. ದೊಡ್ಡ ದೊಡ್ಡ ವಿದ್ವಾಂಸರೂ ಈ ಹಳ್ಳಕ್ಕೆ ಬಿದ್ದಿದ್ದರು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರರು 11 ಮಕ್ಕಳ ವಿವರಗಳನ್ನು ಕೊಟ್ಟು ಈ ಸ್ಥಿತಿಯನ್ನು ವರ್ಣಿಸಿದರು. ಮುಂದಿನ ಎರಡು ದಶಕಗಳಲ್ಲಿ, ತಾಯಿಯ ಅಂತಃಕರಣ ತಣ್ಣಗಿದ್ದುದರಿಂದ ಮಗು ಹೀಗಾಗುತ್ತದೆಂಬ ವಾದ ಬಲವಾಗಿ ಹಬ್ಬಿತು. ಷಿಕಾಗೋದ ಬ್ರೂನೋ ಬೆಟಲ್‌ಹೈಮರು 1967ರ ತಮ್ಮ ಗ್ರಂಥದಲ್ಲಿ ಅದನ್ನೇ ಎತ್ತಿಹಿಡಿದರು. ಎಷ್ಟು ಸಾವಿರ ತಾಯಂದಿರು ಆ ಮಾತಿನಿಂದ ನೊಂದರೋ ಲೆಕ್ಕವಿಲ್ಲ. ಇದನ್ನು ಎದುರಿಸಿದವರಲ್ಲಿ ಮೊದಲಿಗರಾದ ಬರ್ನಾರ್ಡ್ ರಿಮ್‌ಲಂಡ್ ಸ್ವತಃ ಇಂತಹ ಮಗುವೊಂದರ ತಂದೆ. ಇದು ಲಾಲನೆಯ ದೋಷವಲ್ಲ, ದೇಹಪ್ರಕೃತಿಯ ಸಂಗತಿಯೆಂದು 1964ರಲ್ಲಿಯೇ ಬರೆದರು. 1977ರಲ್ಲಿ ಲಂಡನ್ನಿನಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿ ವಂಶವಾಹಿಗಳ ಪಾತ್ರ ದೊಡ್ಡದೆಂದು ತೋರಿಸಿದರು. ಚುಚ್ಚುಮದ್ದಿನ ಕಥೆಯೂ ಹೀಗೆಯೇ. ಹನ್ನೆರಡೇ ಮಕ್ಕಳನ್ನು ಮುಂದಿಟ್ಟುಕೊಂಡು 1998ರಲ್ಲಿ ಇಂಗ್ಲೆಂಡಿನ ವೈದ್ಯ ಪತ್ರಿಕೆಯೊಂದರಲ್ಲಿ ಅಚ್ಚಾದ ಲೇಖನ ಆ ಸಂಶಯವನ್ನು ಬಿತ್ತಿತು. ಲಕ್ಷಗಟ್ಟಲೆ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಅದನ್ನು ಸುಳ್ಳಾಗಿಸಿದುವು. 2010ರಲ್ಲಿ ಆ ಪತ್ರಿಕೆಯೇ ಲೇಖನವನ್ನು ಹಿಂತೆಗೆದುಕೊಂಡಿತು. ಮೊಬೈಲು ಚಿಕ್ಕ ಮಕ್ಕಳಿಗೆ ಒಳ್ಳೆಯದಲ್ಲ, ಅದನ್ನು ಕಡಿಮೆ ಮಾಡಬೇಕಾದುದು ನಿಜ. ಆದರೆ ಎರಡು ಬೇಸಗೆಯ ಮೊಬೈಲು ಈ ಮಗುವನ್ನು ಹೀಗೆ ಮಾಡಿತೆಂದು ತಾಯಿ ಕೊರಗಬೇಕಾಗಿಲ್ಲ.

ಇವೆಲ್ಲವನ್ನೂ ನಾನು ಜಗಲಿಯ ಮೇಲೆ ಕುಳಿತು ಸೊಸೆಗೆ ವಿವರಿಸಿದೆ. ಅವಳು ಕೇಳಿಕೊಂಡಳು. ಸಮಾಧಾನವಾಯಿತೆಂದು ನಾನು ಹೇಳಲಾರೆ. ತರ್ಕದಿಂದ ಹೋಗುವ ಸಂದೇಹಗಳು ಕೆಲವು, ಜೊತೆಗಿರುವುದರಿಂದ ಹೋಗುವುವು ಕೆಲವು.

ದೀಪಾವಳಿ ಬಂದಿತು. ಬಲಿಪಾಡ್ಯಮಿಯ ಮರುದಿನ ನಮ್ಮ ಸೀಮೆಯ ಗುಮಟಾಪುರದಲ್ಲಿ ಗೊರೆಹಬ್ಬ ನಡೆಯುತ್ತದೆ. ಊರಿನ ಸೆಗಣಿಯನ್ನೆಲ್ಲ ಬೀರೇಶ್ವರನ ಗುಡಿಯ ಬಳಿ ಬೆಟ್ಟದಂತೆ ಒಟ್ಟಿ, ಗಂಡಸರು ಅದರಲ್ಲಿಳಿದು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎರಚಿ ಆಡುವ ಹಬ್ಬ. ಆ ವರ್ಷವೂ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತಂದೆ ಹೊರಟನು. ತಮಟೆಯ ಮೊದಲ ಪೆಟ್ಟಿಗೇ ಮಗು ಎರಡು ಕೈಗಳಿಂದಲೂ ಕಿವಿ ಮುಚ್ಚಿಕೊಂಡು, ಉಸಿರು ಸಿಕ್ಕಿಕೊಳ್ಳುವಂತೆ ಕಿರುಚತೊಡಗಿತು. ಸುತ್ತಲಿನ ಅದೇ ವಯಸ್ಸಿನ ಮಕ್ಕಳು ತಮಟೆಗೆ ಕುಣಿಯುತ್ತಿದ್ದುವು. ಯಾರೋ “ಏನು, ಕೂಸಿಗೆ ಗಾಳಿ ಗೀಳಿ ಸೋಕಿದ್ದದೇನಪ್ಪ?” ಎಂದರು. ತಂದೆ ಒಂದು ಮಾತನ್ನೂ ಆಡದೆ ಮಗುವನ್ನೆತ್ತಿಕೊಂಡು ಹಬ್ಬ ಬಿಟ್ಟು ಹೊರಟುಬಂದನು.

ಅಂದು ರಾತ್ರಿ ಗಂಡಹೆಂಡಿರಿಗೆ ಜಗಳವಾಯಿತು. ಮೈಸೂರಿಗೆ ಹೋಗುವುದೇ ಬೇಡವೆಂದು ಅವನು ಹಟ ಹಿಡಿದನು. ಅವನ ವಾದ ನನ್ನ ಮುಂದೆಯೂ ಬಂದಿತು. “ಹೋದ್ರೆ ಒಂದು ಹೆಸರು ಬರೆದು ಕೊಡ್ತಾರೆ ಮಾವ. ಆ ಹೆಸರು ನಾಳೆ ಇಸ್ಕೂಲಿಗೆ ಬರ್ತದ, ಊರಿಗೆ ಬರ್ತದ. ನನ್ನ ತಂಗಿ ಮದುವೆ ಇನ್ನೂ ಆಗಬೇಕು. ಹೆಸರಿಲ್ದೆ ಇದ್ರೆ ಅವ್ನು ನಮ್ಮ ಮಗ ಅಷ್ಟೇ.” ಇದು ಒರಟು ಮಾತಲ್ಲ, ಹೆದರಿದವನ ಮಾತು. ಅವನ ಎಣಿಕೆಯಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ಹೆಸರಿಡದಿದ್ದರೂ ಊರು ಹೆಸರಿಟ್ಟಾಗಿತ್ತು. ‘ಗಾಳಿ ಸೋಕಿದೆ’ ಎಂಬುದೂ ಒಂದು ಹೆಸರೇ. ವೈದ್ಯರು ಕೊಡುವ ಹೆಸರಿನ ಹಿಂದೆ ಮಾಡಬೇಕಾದ ಕೆಲಸವೊಂದಿರುತ್ತದೆ. ಊರು ಕೊಟ್ಟ ಹೆಸರಿನ ಹಿಂದೆ ಏನೂ ಇಲ್ಲ. ಇಷ್ಟನ್ನು ಹೇಳಿ, ಬರುವುದು ಬಿಡುವುದು ನಿನ್ನ ಇಷ್ಟವೆಂದು ಬಂದುಬಿಟ್ಟೆ.

ಗೊತ್ತಾದ ದಿನ ಬೆಳಗ್ಗೆ ಬಸ್ಸಿನ ಬಳಿ ಅವನು ನಮಗಿಂತ ಮೊದಲೇ ಬಂದು ನಿಂತಿದ್ದನು. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಆನೆ ಕಾದು, ಹಾಗೆಯೇ ಮುಖ ತೊಳೆದುಕೊಂಡು ಬಂದಿದ್ದನು.

ಪರೀಕ್ಷೆ ಎಂದೊಡನೆ ರಕ್ತ, ಸ್ಕ್ಯಾನು ಎಂದು ನಮ್ಮವರು ತಿಳಿಯುವುದುಂಟು. ಆಟಿಸಂ ಇದೆಯೆಂದು ಹೇಳಬಲ್ಲ ರಕ್ತಪರೀಕ್ಷೆಯಾಗಲಿ, ಚಿತ್ರವಾಗಲಿ ಇಲ್ಲ. ತಜ್ಞರು ಎರಡು ಕೆಲಸ ಮಾಡುತ್ತಾರೆ. ಮಗುವಿನೊಂದಿಗೆ ನೆಲದ ಮೇಲೆ ಕುಳಿತು ಆಡುತ್ತ, ಕರೆದರೆ ತಿರುಗುವುದೇ, ತೋರಿಸಿದತ್ತ ನೋಡುವುದೇ, ಆಟಿಕೆಯನ್ನು ಇನ್ನೊಬ್ಬರಿಗೆ ನೀಡುವುದೇ, ಒಂದೇ ಚಲನೆಯನ್ನು ಮರಳಿ ಮರಳಿ ಮಾಡುವುದೇ ಎಂದು ಗಮನಿಸುವುದು ಒಂದು. ಬಸುರು, ಹೆರಿಗೆ, ಮೊದಲ ನಗು, ಮೊದಲ ಮಾತು, ನಿದ್ದೆ, ಊಟ, ಹಟಗಳ ಕಥೆಯನ್ನು ತಂದೆತಾಯಿಗಳಿಂದ ಕೇಳಿ ಬರೆದುಕೊಳ್ಳುವುದು ಇನ್ನೊಂದು. ನಮ್ಮ ದೇಶದ ಮಕ್ಕಳಿಗೆಂದೇ ರೂಪಿಸಿದ ಅಳತೆಪಟ್ಟಿಯೂ ಇದೆ. ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆ ಇಪ್ಪತ್ತು ಪ್ರಶ್ನೆಗಳ ಪಟ್ಟಿಯೊಂದು ಬಳಕೆಯಲ್ಲಿದೆ. ಆದರೆ ಅದು ಸಂಶಯವನ್ನು ಸೋಸುವ ಜರಡಿಯೇ ಹೊರತು ತೀರ್ಪಲ್ಲ. ಮನೆಯಲ್ಲಿ ಕುಳಿತು ಅದನ್ನು ತುಂಬಿ ಎದೆ ಒಡೆದುಕೊಳ್ಳುವುದೂ ಬೇಡ, ನೆಮ್ಮದಿಯಾಗಿ ಮಲಗುವುದೂ ಬೇಡ.

ಆ ಕೋಣೆಯ ಹೊರಗೆ ನನ್ನ ಸೊಸೆಗೆ ಕೊನೆಯ ಸಂದೇಹ ಬಂದಿತು. ಇವತ್ತು ಮಗು ಅಪರೂಪಕ್ಕೆ ಚೆನ್ನಾಗಿ ನಗುತ್ತಿದೆ. ಒಳಗಿನವರು ಏನೂ ಇಲ್ಲವೆಂದುಬಿಟ್ಟರೆ? ಅಥವಾ ಹೊಸ ಜಾಗಕ್ಕೆ ಹೆದರಿ ಅತ್ತರೆ, ಇದ್ದುದಕ್ಕಿಂತ ಹೆಚ್ಚು ಬರೆದುಬಿಟ್ಟರೆ? ಒಂದು ತಾಸಿನಲ್ಲಿ ಒಂದು ಮಗುವನ್ನು ಅಳೆಯಲಾದೀತೇ? ಗೂಡಲೂರಿನ ತಾಯಿ ಅಂದೂ ಬಂದಿದ್ದಳು. ಅವಳ ಮಗಳಿಗೆ ಆಗಲೇ ತರಬೇತಿ ನಡೆಯುತ್ತಿತ್ತು. ನಿಮ್ಮ ಮಾತೂ ಪರೀಕ್ಷೆಯ ಭಾಗವೇ ಅಕ್ಕ, ಮನೆಯಲ್ಲಿ ಕಂಡುದನ್ನೆಲ್ಲ ಹೇಳಿ ಎಂದು ಧೈರ್ಯ ಹೇಳಿದಳು. ತನಗೆ ಹೆಸರು ಗೊತ್ತಾದ ದಿನ ಅತ್ತುದನ್ನೂ, ಮರುದಿನ ಎಷ್ಟೋ ತಿಂಗಳ ಮೇಲೆ ನಿದ್ದೆ ಬಂದುದನ್ನೂ ಹೇಳಿದಳು.

ಒಳಗೆ ಹೋದ ಮೇಲೆ ನಡೆದುದು ನಮಗೆಲ್ಲ ಅನಿರೀಕ್ಷಿತ. ತಜ್ಞೆ ಪ್ರಶ್ನೆ ಕೇಳತೊಡಗಿದಾಗ ತಂದೆ ಜೇಬಿನಿಂದ ಮೊಬೈಲು ತೆಗೆದನು. ಅದರಲ್ಲಿ ಹದಿನಾಲ್ಕು ತುಣುಕು ಚಿತ್ರಗಳಿದ್ದುವು. ಬೀಜ ಸಾಲಿಡುತ್ತಿರುವುದು; ಕರೆದರೆ ತಿರುಗದಿರುವುದು; ತಟ್ಟೆ ಗಿರಿಗಿರಿ ತಿರುಗಿಸಿ ಕೈ ಬಡಿಯುವುದು; ಜಾಹೀರಾತು ಒಪ್ಪಿಸುವುದು. ಮೊದಲನೆಯದು ಒಂದು ವರ್ಷದ ಹಿಂದಿನದು. ‘ಏನೂ ಇಲ್ಲ’ ಎಂದು ನಗುತ್ತಿದ್ದವನು ಆ ದಿನದಿಂದಲೂ ಒಬ್ಬನೇ ಈ ಭಾರವನ್ನು ಹೊತ್ತಿದ್ದನು. ಹೆಂಡತಿ ಅವನ ಮುಖವನ್ನು ನೋಡಿದಳು. ಅವನು ನೆಲ ನೋಡುತ್ತಿದ್ದನು. ಆ ತುಣುಕುಗಳು ಬಹಳ ಉಪಯೋಗವಾದುವೆಂದು ಆಮೇಲೆ ಗೊತ್ತಾಯಿತು. ಇಂತಹ ಪರೀಕ್ಷೆಗೆ ಕಾಯುತ್ತಿರುವವರು ಇದನ್ನು ನೆನಪಿಡಬಹುದು. ಮಗುವಿನ ಒಳ್ಳೆಯ ಗಳಿಗೆಗಳನ್ನೂ ಕಷ್ಟದ ಗಳಿಗೆಗಳನ್ನೂ ಹೀಗೆ ಹಿಡಿದಿಟ್ಟುಕೊಂಡರೆ, ಒಂದು ತಾಸಿನ ಪರೀಕ್ಷೆ ಒಂದು ವರ್ಷದ ಪರೀಕ್ಷೆಯಾಗುತ್ತದೆ.

ಆಟಿಸಂ ಎಂದೇ ಬರೆದರು. ಯಾರೂ ಗಟ್ಟಿಯಾಗಿ ಅಳಲಿಲ್ಲ. ಸೊಸೆ ಕೇಳಿದುದು ಒಂದೇ ಪ್ರಶ್ನೆ: ಮನೆಯಲ್ಲಿ ಯಾವ ಭಾಷೆ ಆಡಬೇಕು? ನಿಮ್ಮ ಬಾಯಿಗೆ ತಾನಾಗಿ ಬರುವ ಭಾಷೆಯನ್ನೇ ಆಡಿ ಎಂದು ಉತ್ತರ ಬಂದಿತು. ಉದ್ದುದ್ದ ಮಾತಲ್ಲ, ಚಿಕ್ಕಚಿಕ್ಕ ಮಾತು. ಮಗು ನೋಡುತ್ತಿರುವುದನ್ನೇ ಹೆಸರಿಸುವುದು, ಅದರ ಆಟದೊಳಕ್ಕೆ ತಾವೇ ಹೋಗುವುದು, ಕೇಳುವ ಮೊದಲೇ ಎಲ್ಲವನ್ನೂ ಕೊಟ್ಟುಬಿಡದೆ ಒಂದು ಗಳಿಗೆ ಕಾಯುವುದು, ಕೈಸನ್ನೆಯನ್ನೂ ಮಾತೆಂದೇ ಎಣಿಸುವುದು. ಇವುಗಳಲ್ಲಿ ಯಾವುದಕ್ಕೂ ವರದಿ ಕೈಗೆ ಬರುವತನಕ ಕಾಯಬೇಕಾಗಿರಲಿಲ್ಲವೆಂದು ತಿಳಿದಾಗ ನಾನು ಹೋದ ಎರಡು ತಿಂಗಳುಗಳನ್ನು ನೆನೆದೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂತಹ ಚೀಟಿ ಬಂದಿದ್ದರೆ ನಾನು ಹೇಳಬೇಕಾದುದು ಇಷ್ಟೇ. ಪರೀಕ್ಷೆಯ ದಿನಕ್ಕಾಗಿ ಕಾಯಿರಿ, ಆದರೆ ಮಗುವಿನೊಂದಿಗೆ ಕೂರಲು ಆ ದಿನಕ್ಕಾಗಿ ಕಾಯಬೇಡಿ. ಕೊನೆಗೆ ಏನೂ ಇಲ್ಲವೆಂದು ತಿಳಿದುಬಂದರೂ, ನೆಲದ ಮೇಲೆ ಕುಳಿತು ಆಡಿದ ಆಟದಿಂದ ನಷ್ಟವಾದ ಮಗು ಇಲ್ಲ.

ಎಲ್ಲರಿಗೂ ಮೈಸೂರೇ ಆಗಬೇಕೆಂದಿಲ್ಲ. ಹೊಸೂರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್ ಹತ್ತಿರ. ಕಾಸರಗೋಡಿನವರಿಗೆ ಮಂಗಳೂರು ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿಗಳಿಗೆ ಬರುವ ವೈದ್ಯರ ತಂಡದ ಮುಂದೆಯೂ ಮಗುವಿನ ವಿಷಯವನ್ನು ಎತ್ತಬಹುದು. ಅವರು ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿಮಾಡಿದ 21 ಸ್ಥಿತಿಗಳಲ್ಲಿ ಆಟಿಸಂ ಕೂಡ ಒಂದು. ಪರೀಕ್ಷೆ ಗಡಿಯಾಚೆ ಆದರೂ ರಾಜ್ಯದ ನೆರವು ಸಿಗಬೇಕಾದುದು ವಾಸದ ರಾಜ್ಯದಿಂದ. ಆದುದರಿಂದ ಪ್ರತಿಯೊಂದು ಕಾಗದದ ನಕಲನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ನಮ್ಮವರೂ ಅದಕ್ಕಾಗಿ ಘಟ್ಟದ 27 ತಿರುವುಗಳನ್ನು ಇಳಿದು ಈರೋಡಿಗೆ ಹೋಗಬೇಕಾಗಿದೆ.

ಈಗ ಮಗುವಿಗೆ ಮೂರು ತುಂಬಿದೆ. ಮಾತು ಬಂದಿದೆಯೇ ಎಂದು ಊರವರು ಕೇಳುತ್ತಾರೆ. ‘ನೀ’ ಎಂಬುದು ಮರಳಿ ಬಂದಿದೆ. ಕೈ ಹಿಡಿದೊಯ್ಯುವುದು ಇನ್ನೂ ಬಿಟ್ಟಿಲ್ಲ. ಮುಂದೆ ಎಷ್ಟು ಬಂದೀತೆಂದು ಯಾರೂ ಭರವಸೆ ಕೊಟ್ಟಿಲ್ಲ, ನಾವೂ ಕೇಳುತ್ತಿಲ್ಲ. ಅಜ್ಜಿ ಹುಣಸೆ ಬೀಜಗಳನ್ನು ಬೊಗಸೆಯಲ್ಲಿ ಹಿಡಿದು ಎದುರಿಗೆ ಕೂರುತ್ತಾರೆ. ಮಗು ಒಂದು ಬೀಜ ಇಟ್ಟರೆ ಅಜ್ಜಿ ಒಂದು ಇಡಬೇಕು. ಮೊದಮೊದಲು ಅಜ್ಜಿಯ ಬೀಜವನ್ನು ಕಿತ್ತೆಸೆಯುತ್ತಿದ್ದ ಮಗು ಈಗ ಅವರ ಸರದಿಗೆ ಕಾಯುತ್ತದೆ. ತಿಂಗಳಿಗೊಮ್ಮೆ ಮೈಸೂರಿನ ಪ್ರಯಾಣ ಉಂಟು. ಜನ ಕಡಿಮೆಯಿರುವ ಬೆಳಗಿನ ರೈಲನ್ನೇ ಹಿಡಿಯುತ್ತೇವೆ. ಕಿಟಕಿಯ ಸೀಟು ಅವನಿಗೆ.